ಪೀಠಕ್ಕೆ ಅಂಟಿಸಿದ ಎಂಜಿನ್ನು

ಅಂಗಡಿಯ ಮುಂದಿನ ಭಾಗಕ್ಕೆ ನಮ್ಮ ಸೋದರತ್ತೆ ಬರುವುದೇ ಅಪರೂಪ. ಅವಳನ್ನು ನೋಡಿದರೆ ಗಿರಾಕಿಗಳು ಗಾಬರಿಯಾಗುತ್ತಾರೆ ಎಂಬುದು ಅಪ್ಪನ ಅಂಬೋಣ. ಮೊಣಕೈತನಕ ಪಾಲಿಶಿನ ಮಸಿ, ಹುಬ್ಬಿನ ಮೇಲೆ ಬಟ್ಟೆಯ ನಾರು, ಮೂಗಿಗೆ ಕಟ್ಟಿದ ಕರವಸ್ತ್ರ. ಆ ಮಧ್ಯಾಹ್ನ ಅವಳು ಹಾಗೇ ಬಂದಳು. ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಿದ್ದ ಆಟಿಕೆಯ ಉಗಿ ಎಂಜಿನ್ನನ್ನು ಗಾಜಿನ ಕೌಂಟರಿನ ಮೇಲೆ ಇಟ್ಟು, ಕರವಸ್ತ್ರ ಕೆಳಗೆಳೆದು ಕೇಳಿದಳು:

"ಇದಕ್ಕೆ ಲ್ಯಾಕರ್ ಹೊಡೆದೋರು ಯಾರು?"

ಉತ್ತರ ಅವಳಿಗೆ ಗೊತ್ತಿತ್ತು. ಅಪ್ಪನ ಬೆರಳ ತುದಿ ಇನ್ನೂ ಅಂಟಂಟಾಗಿತ್ತು. ಮೆಡಲು ಆರಿಸುತ್ತಿದ್ದ ಗಿರಾಕಿಯೊಬ್ಬರು ನಾಳೆ ಬರುತ್ತೇನೆಂದು ಮೆಟ್ಟಿಲಿಳಿದರು.

ನಮ್ಮದು ಬಹುಮಾನದ ಕಪ್ಪು, ಶೀಲ್ಡುಗಳ ಅಂಗಡಿ. ಮುಂದೆ ಅಪ್ಪ ಕೂತು ಗೆದ್ದವರ ಹೆಸರು ಕೊರೆಯುತ್ತಾನೆ. ಹಿಂದಿನ ಕತ್ತಲೆ ಕೋಣೆಯಲ್ಲಿ ಅವನ ಅಕ್ಕ, ಅಂದರೆ ಅತ್ತೆ, ಮೋಟರಿಗೆ ಸಿಕ್ಕಿಸಿದ ಬಟ್ಟೆಯ ಗಾಲಿಗೆ ಹಿತ್ತಾಳೆಯನ್ನು ಒತ್ತಿ ಹಿಡಿದು ಹೊಳಪು ಬರಿಸುತ್ತಾಳೆ. ಊರಿನಲ್ಲಿ ಯಾರು ಗೆದ್ದರೂ ಅತ್ತೆಯ ಕೈ ಕರಿಯಾಗಲೇಬೇಕು. ಓಟದಲ್ಲಿ ಗೆದ್ದವರು, ಹಾಡಿನಲ್ಲಿ ಗೆದ್ದವರು, ಸುಮ್ಮನೆ ಕುರ್ಚಿಯಲ್ಲಿ ಕೂತು ಹಿರಿಯರಾದವರು, ಎಲ್ಲರ ಕಪ್ಪೂ ಅವಳ ಕೈ ದಾಟಿಯೇ ಹೋಗಿದೆ. ಮದುವೆಯ ಮಾತು ತೆಗೆದವರಿಗೆ, ನನಗೆ ಹೊಂದೋ ಗಂಡು ಇನ್ನೂ ಎರಕ ಆಗಿಲ್ಲ ಎಂದು ಹೇಳಿ ಗಾಲಿಯ ಸ್ವಿಚ್ಚು ಹಾಕಿಬಿಡುತ್ತಿದ್ದಳಂತೆ. ಆ ಸದ್ದಿನಲ್ಲಿ ಮುಂದಿನ ಮಾತು ಯಾರಿಗೂ ಕೇಳುತ್ತಿರಲಿಲ್ಲ.

ಅವಳ ಸಿಟ್ಟಿನಿಂದಾಗಿ ಮನೆಯಲ್ಲಿ ಅವಳಿಗೆ ಕುಕ್ಕರ್ ಎಂದೇ ಅಡ್ಡಹೆಸರು. ಸೀಟಿ ಹಾಕುವ ಕುಕ್ಕರಿಗೆ ಹೆದರಬೇಡಿ, ಹಾಕದೆ ಕೂತದ್ದಕ್ಕೆ ಹೆದರಿ ಎಂದು ಅಮ್ಮ ನಮಗೆ ಹೇಳಿಕೊಟ್ಟಿದ್ದಳು.

ಎಂಜಿನ್ನು ಅಜ್ಜನ ಕಾಲದ್ದು. ಮಗ ಹುಟ್ಟಿದನೆಂಬ ಸಂಭ್ರಮಕ್ಕೆ ಅಜ್ಜ ಯಾರಿಂದಲೋ ಕೊಂಡು ತಂದದ್ದು. ಮೊಳದುದ್ದದ ತಗಡಿನ ಹಲಗೆ, ಅದರ ಮೇಲೆ ಅಡ್ಡ ಮಲಗಿದ ಹಿತ್ತಾಳೆಯ ಬಾಯ್ಲರು, ಪಕ್ಕದಲ್ಲಿ ಕಿರುಬೆರಳು ಗಾತ್ರದ ಪಿಸ್ಟನ್ನು, ಕೆಂಪು ಬಳಿದ ಚಕ್ರ. ಕೆಳಗೆ ಸ್ಪಿರಿಟ್ ದೀಪ ಹಚ್ಚಿದರೆ ನೀರು ಕುದಿದು, ಉಗಿ ಪಿಸ್ಟನ್ನನ್ನು ದೂಡಿ, ಚಕ್ರ ತಿರುಗಬೇಕು. ಯಾವ ಮಗನಿಗಾಗಿ ತಂದನೋ ಆ ಮಗ, ಅಂದರೆ ನಮ್ಮಪ್ಪ, ಮೊದಲ ಸಲವೇ ಬಾಯ್ಲರು ಮುಟ್ಟಿ ಹೆಬ್ಬೆರಳು ಸುಟ್ಟುಕೊಂಡ. ಮತ್ತೆ ಹತ್ತಿರ ಹೋಗಲಿಲ್ಲ. ಹೋದದ್ದು ಅಕ್ಕ. ರಜೆಯ ದಿನ ಅಜ್ಜ ಒಳಗೆ ಕೂತು ನೀರು ತುಂಬುತ್ತಿದ್ದ. ಅತ್ತೆ ಹಿತ್ತಲಿಗೆ ಹೋಗಿ ದೀಪಕ್ಕೆ ಸ್ಪಿರಿಟ್ ಹಾಕಿ ತರುತ್ತಿದ್ದಳು. ಮೊದಲ ಸುತ್ತನ್ನು ಬೆರಳಿನಿಂದ ಕೊಡಬೇಕು. ಅದು ಅವಳ ಹಕ್ಕು. ಆದರೆ ಯಾರಾದರೂ ಬಂದು ಕೇಳಿದರೆ ಅಜ್ಜ ಹೇಳುತ್ತಿದ್ದ ಮಾತು ಒಂದೇ: ಇದು ನನ್ನ ಮಗನದು.

ಅಜ್ಜ ಹೋದ ಮೇಲೆ ಎಂಜಿನ್ನು ಅಟ್ಟ ಸೇರಿತು. ಈಚೆಗೆ ಸುಣ್ಣ ಹೊಡೆಸುವಾಗ ಕೆಳಗಿಳಿಯಿತು, ಮೈತುಂಬ ಹಸಿರು ಕಿಲುಬು ಹಿಡಿದು. ಅದನ್ನು ಕಂಡ ಊರಿನ ಕ್ಲಬ್ಬಿನ ಅಧ್ಯಕ್ಷರು ನಮ್ಮ ಕ್ಲಬ್ಬಿನ ಗಾಜಿನ ಬೀರುವಿಗೆ ಹೇಳಿ ಮಾಡಿಸಿದ ಹಾಗಿದೆಯಲ್ಲ ಎಂದರು. ವರ್ಷದ ಕಪ್ಪುಗಳನ್ನೆಲ್ಲ ನಮ್ಮಲ್ಲೇ ಮಾಡಿಸುವವರು. ಅಪ್ಪ ಆಗಲಿ ಎಂದುಬಿಟ್ಟ. ಮನೆಯಲ್ಲಿ ಒಂದು ಮಾತು ಕೇಳಲಿಲ್ಲ. ಅತ್ತೆಗೆ ಹೇಳಿದ್ದು, ಇದನ್ನು ಸ್ವಲ್ಪ ಸರಿ ಮಾಡು ಎಂದಷ್ಟೇ.

ಅವಳು ಗಾಲಿಗೆ ಹಿಡಿಯಲಿಲ್ಲ, ಕೈಯಲ್ಲೇ ಮಾಡಿದಳು. ಕೆಲಸ ಮುಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಹಳೇ ಬನಿಯನ್ನಿನ ಬಟ್ಟೆ ಹಾಸಿ ಒಂದೊಂದೇ ತಿರುಪು ಬಿಚ್ಚಿದಳು. ಕಿಲುಬಿಗೆ ನಿಂಬೆರಸ ಮತ್ತು ಉಪ್ಪು, ಉಗಿಯ ಕೊಳವೆಯೊಳಗೆ ಗಿಟಾರಿನ ಸಣ್ಣ ತಂತಿ, ಪಿಸ್ಟನ್ನಿನ ಸುತ್ತ ಎಣ್ಣೆಯಲ್ಲಿ ಅದ್ದಿದ ಹತ್ತಿಯ ದಾರ. ಉಗಿ ಹೆಚ್ಚಾದರೆ ತಾನೇ ಬಿಟ್ಟುಕೊಳ್ಳುವ ಮುಚ್ಚಳದ ಸ್ಪ್ರಿಂಗನ್ನು ನೂರು ಸಲ ಒತ್ತಿ ನೋಡಿದಳು. ದೀಪದ ಉರಿ ತಾಗಿ ಬಾಯ್ಲರಿನ ಹೊಟ್ಟೆಯಲ್ಲಿ ಮೂಡಿದ್ದ ನೀಲಿಗಪ್ಪು ಕಲೆಗಳನ್ನು ಹಾಗೇ ಬಿಟ್ಟಳು. ಅದರ ಪಕ್ಕದಲ್ಲಿ ಅಜ್ಜ ಮೊಳೆಯಿಂದ ಎಳೆದಿದ್ದ ಸೊಟ್ಟ ಗೀರುಗಳನ್ನೂ ಬಿಟ್ಟಳು. ನೀರಿನ ಮಟ್ಟ ತೋರುವ ಗಾಜು ಯಾವತ್ತೋ ಒಡೆದು, ಅಜ್ಜ ಅಲ್ಲಿಗೆ ತಗಡು ಬೆಸೆದಿದ್ದ. ಎಂಜಿನ್ನಿನ ಜೊತೆ ಒಂದು ಔಷಧಿ ಬಾಟಲಿಯ ಮುಚ್ಚಳ ಇರುತ್ತಿತ್ತು. ಎಷ್ಟು ಗೀರೋ ಅಷ್ಟು ಮುಚ್ಚಳ ನೀರು, ಗಿಡ್ಡ ಗೀರಿಗೆ ಅರ್ಧ. ಕಡಿಮೆಯಾದರೆ ಬಾಯ್ಲರು ಒಣಗಿ ಬೆಸುಗೆ ಕರಗುತ್ತದೆ, ಹೆಚ್ಚಾದರೆ ಕೊಳವೆಯಲ್ಲಿ ನೀರು ನುಗ್ಗಿ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ.

ರಜೆಯ ದಿನ ಓಡಿಸೋಣ ಎಂದು ಅವಳು ನಮಗೆಲ್ಲ ಹೇಳಿದ್ದಳು. ಕ್ಲಬ್ಬಿನ ವಿಷಯ ಅವಳ ಕಿವಿಗೆ ಬಿದ್ದಿರಲಿಲ್ಲ.

ಅಷ್ಟರೊಳಗೆ ಅಪ್ಪ ಕೈ ಹಾಕಿದ. ಅವಳು ಊಟಕ್ಕೆ ಹೋದಾಗ ತಾನೇ ಗಾಲಿಗೆ ಹಿಡಿದು ಕಲೆ, ಗೀರು ಎಲ್ಲವನ್ನೂ ತೆಗೆದ. ಕಪ್ಪುಗಳು ಮಂಕಾಗದಿರಲೆಂದು ಹೊಡೆಯುವ ಲ್ಯಾಕರನ್ನು ಚಕ್ರ, ಪಿಸ್ಟನ್ನು, ದೀಪ ಎನ್ನದೆ ಎರಡು ಕೋಟು ಹೊಡೆದ. ಆಮೇಲೆ ಮರದ ಪೀಠಕ್ಕೆ ಅಂಟಿಸಿ, ಮುಂದೆ ಕ್ಲಬ್ಬಿನ ಹೆಸರಿನ ಫಲಕ ಬಡಿದ. ಅವನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ನಮ್ಮ ಅಂಗಡಿಯಲ್ಲಿ ಗೀರು ಎಂದರೆ ಶತ್ರು, ಪೀಠವಿಲ್ಲದೆ ಯಾವ ವಸ್ತುವೂ ಬಾಗಿಲು ದಾಟುವುದಿಲ್ಲ. ಕೈಗೆ ಕೊಟ್ಟದ್ದನ್ನೆಲ್ಲ ಕಪ್ಪು ಮಾಡುವುದೇ ಅವನಿಗೆ ಗೊತ್ತಿದ್ದ ಪ್ರೀತಿ.

"ಚೆನ್ನಾಗಿ ಹೊಳೀತಿದೆ ತಾನೆ ಅಕ್ಕ?" ಎಂದ ಅಪ್ಪ, ಆ ಮಧ್ಯಾಹ್ನ ಕೌಂಟರಿನ ಹಿಂದಿನಿಂದ.

"ಹೊಳೆಯೋಕೆ ಮನೇಲಿ ಲೋಟ ಇಲ್ವಾ, ಚಮಚ ಇಲ್ವಾ? ಇದು ಓಡೋ ವಸ್ತು ಕಣೋ."

"ಈಗ ಇದು ಓಡಿ ಯಾರಿಗೇನಾಗ್ಬೇಕು?"

"ನನಗೆ ಆಗ್ಬೇಕು."

ಅಪ್ಪ ತಲೆ ತಗ್ಗಿಸಿ ಕೌಂಟರಿನ ಗಾಜು ಒರೆಸತೊಡಗಿದ. ಮಾತು ಕೊಟ್ಟಾಗಿದೆ, ನಾಡಿದ್ದು ಕಳಿಸಬೇಕು ಎಂದ. ಆಮೇಲೆ ಹೇಳಬಾರದ್ದನ್ನೂ ಹೇಳಿದ, ಹೇಗೂ ಅದು ಅಪ್ಪ ನನಗೆ ಅಂತ ತಂದಿದ್ದಲ್ಲವಾ ಎಂದು.

ಅತ್ತೆ ಕೂಗಾಡಲಿಲ್ಲ. ಫಲಕವನ್ನು ಒಂದು ಸಲ ಓದಿದಳು. ಎಂಜಿನ್ನನ್ನು ಎತ್ತಿಕೊಂಡು ಒಳಗೆ ಹೋದಳು. ಮೋಟರಿನ ಸ್ವಿಚ್ಚು ಆರಿಸಿದ ಸದ್ದು ಮುಂದಿನವರೆಗೂ ಕೇಳಿಸಿತು.

"ಇದು ಓಡೋವರೆಗೂ ಅದೂ ಓಡಲ್ಲ," ಎಂದಳು ಒಳಗಿಂದಲೇ.

ಶಾಲೆ ಕಾಲೇಜುಗಳ ಆಟೋಟದ ಕಾಲ. ಎರಕದವನು ಕಳಿಸಿದ ಕಪ್ಪುಗಳು ಮೂಟೆಗಟ್ಟಲೆ ಬಂದು ಮಂಕಾಗಿ ಕೂತಿದ್ದವು. ಮರುದಿನ ಬೆಳಿಗ್ಗೆ ಅಪ್ಪ ತಾನೇ ಗಾಲಿಯ ಮುಂದೆ ನಿಂತ. ಗಟ್ಟಿ ಬಾಯ್ಲರೊಂದನ್ನು ಉಜ್ಜಿದ ಧೈರ್ಯ. ಆದರೆ ಕಪ್ಪಿನ ಹಿಡಿಯ ತಿರುವಿಗೆ ಗಾಲಿ ತಾಗಿಸುವ ಓರೆ ಬೇರೆಯೇ. ಗಾಲಿ ಕಪ್ಪನ್ನು ಅವನ ಕೈಯಿಂದ ಕಸಿದು ಗೋಡೆಗೆ ಎಸೆಯಿತು. ಎರಡನೆಯದನ್ನೂ ಎಸೆಯಿತು. ಅತ್ತೆ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು, ಬಟ್ಟೆಗೆ ಥಿನ್ನರ್ ಹಾಕಿಕೊಂಡು ಎಂಜಿನ್ನಿನ ಲ್ಯಾಕರನ್ನು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. ಅಮ್ಮ ಕಾಫಿ ತಂದವಳು, ನಜ್ಜುಗುಜ್ಜಾದ ಕಪ್ಪು ನೋಡಿ, ಇದನ್ನು ಸೋತವರಿಗೆ ಕೊಡಿ ಎಂದು ಹೋದಳು.

ಅಪ್ಪ ಗಾಲಿ ಬಿಟ್ಟು ಮುಂದೆ ಹೋಗಿ ಕ್ಲಬ್ಬಿಗೆ ಫೋನ್ ಮಾಡಿದ. ವಸ್ತು ನಮ್ಮಕ್ಕನದು, ನನ್ನ ಗಮನಕ್ಕೆ ಬಂದಿರಲಿಲ್ಲ ಎಂದು ಅವನು ಹೇಳಿದ್ದು ಒಳಗೆ ಎಲ್ಲರಿಗೂ ಕೇಳಿತು. ಅತ್ತೆಯ ಮುಖವೇನೂ ಸಡಿಲವಾಗಲಿಲ್ಲ. ಇಷ್ಟು ವರ್ಷ ಗಮನಕ್ಕೆ ಬರದೆ ಎಲ್ಲಿ ಹೋಗಿತ್ತಂತೆ ಎಂದು ಗೊಣಗಿದಳು. ಉಳಿಯ ತುದಿಯಿಂದ ಪೀಠದ ಅಂಟು ಎಬ್ಬಿಸಿ ಎಂಜಿನ್ನನ್ನು ಬಿಡಿಸಿಕೊಂಡಳು. ಬಾಯ್ಲರನ್ನು ಮೇಲೆ ಕೆಳಗೆ ಮಾಡಿ ನೋಡಿದವಳ ಕೈ ಅಲ್ಲೇ ನಿಂತಿತು. ಹೊಟ್ಟೆಯ ಹಿತ್ತಾಳೆ ಕನ್ನಡಿಯಾಗಿತ್ತು. ಅವಳ ಮುಖವೇ ಕಾಣುತ್ತಿತ್ತು, ಗೀರುಗಳಿರಲಿಲ್ಲ.

ನೀರು ತುಂಬುತ್ತಿದ್ದವನು ಅಜ್ಜ. ಅವಳಿದ್ದದ್ದು ಹಿತ್ತಲಲ್ಲಿ. ಕಿಲುಬು ತೆಗೆಯುವಾಗಲೂ ಅವಳು ಗೀರುಗಳನ್ನು ಎಣಿಸಿರಲಿಲ್ಲ. ಹಿತ್ತಾಳೆಯ ಮೇಲೆ ಇದ್ದದ್ದನ್ನು ಯಾರಾದರೂ ಬಾಯಿಪಾಠ ಮಾಡುತ್ತಾರೆಯೇ? ಅಂದಾಜಿನ ಮೇಲೆ ತುಂಬೋಣವೆಂದರೆ ಆ ಮುದಿ ಬೆಸುಗೆ ಇನ್ನೊಂದು ತಪ್ಪನ್ನು ತಾಳುವಂಥದಲ್ಲ. "ಅಪ್ಪನ ಕೈ ಇದ್ದದ್ದು ಅದೊಂದರಲ್ಲೇ. ಅದನ್ನೂ ಉಜ್ಜಿ ಬಿಸಾಕಿದ್ಯಲ್ಲೋ, ಪಾಪಿ," ಎಂದಳು.

ಬಾಗಿಲ ಬಳಿ ನಿಂತಿದ್ದ ಅಪ್ಪ ಹೆಬ್ಬೆರಳನ್ನು ತಿಕ್ಕಿಕೊಳ್ಳುತ್ತಿದ್ದ.

"ಆರು ಮುಚ್ಚಳ," ಎಂದ. "ಆಮೇಲೆ ಅರ್ಧ."

"ನಿನಗೆ ಹೇಗೆ ಗೊತ್ತು?"

"ನೀನು ಸ್ಪಿರಿಟ್ ತರೋಕೆ ಹೋಗ್ತಿದ್ಯಲ್ಲ. ಅಪ್ಪ ಜೋರಾಗಿ ಎಣಿಸಿಕೊಂಡು ಹಾಕ್ತಿದ್ರು. ನಾನು ಬಾಗಿಲ ಹಿಂದೆ ಇರ್ತಿದ್ದೆ."

"ಒಳಗೆ ಬರೋಕೆ ಏನಾಗಿತ್ತು?"

"ನೀನು ಬೈತಿದ್ದೆ."

ತನ್ನ ತಪ್ಪು ಕಂಡಾಗ ಅತ್ತೆಗೆ ಇನ್ನೂ ಸಿಟ್ಟು ಬರುತ್ತದೆ. ಎಣಿಕೆ ಗೊತ್ತಿದ್ದೂ ಗೀರು ಯಾಕೆ ಅಳಿಸಿದೆ ಎಂದು ರೇಗಿದಳು. ಅವು ಆ ಎಣಿಕೆ ಎಂದು ನನಗೆ ಯಾರು ಹೇಳಿದ್ದರು, ಕಲೆಯ ಪಕ್ಕದ ಕಲೆ ಅಂದುಕೊಂಡೆ ಎಂದ ಅಪ್ಪ.

ಅಡುಗೆಮನೆಯ ಮೇಜಿನ ಮೇಲೆ ಆರೂವರೆ ಮುಚ್ಚಳ ನೀರು ಹಾಕಿ ದೀಪ ಹಚ್ಚಿದರು. ಸಂದಿಗಳಲ್ಲಿ ಉಳಿದಿದ್ದ ಲ್ಯಾಕರು ಮೊದಲು ಸುಟ್ಟಿತು. ಮನೆತುಂಬ ಕೆಟ್ಟ ವಾಸನೆ. ಅತ್ತೆ ಅದಕ್ಕೂ ಬೈದಳು. ಆಮೇಲೆ ಮುಚ್ಚಳದ ಬಳಿ ಸಣ್ಣಗೆ ಸುಯ್ ಎಂದಿತು. ಅವಳು ಬೆರಳು ಕೊಟ್ಟಳು. ಚಕ್ರ ಅರ್ಧ ತಿರುಗಿ ನಿಂತಿತು, ಇನ್ನೊಮ್ಮೆ ಕೊಟ್ಟಾಗ ಒಂದು ಸುತ್ತು ತಿರುಗಿ, ಯೋಚಿಸಿ, ಮತ್ತೆ ತಿರುಗಿ, ಕೊನೆಗೆ ಚಕ್ರದ ಕಡ್ಡಿಗಳೇ ಕಾಣದಷ್ಟು ಜೋರಾಯಿತು. ಮೇಜಿನ ಮೇಲಿನ ಲೋಟಗಳು ಸದ್ದು ಮಾಡಿದವು. ಅತ್ತೆ ಗಲ್ಲಕ್ಕೆ ಮಸಿಗೈ ಊರಿಕೊಂಡು ನೋಡುತ್ತ ಕೂತಳು. ಅಷ್ಟು ಹೊತ್ತು ಅವಳು ಯಾರನ್ನೂ ಬೈಯಲಿಲ್ಲ.

ಬಾಯ್ಲರು ಆರಿದ ಮೇಲೆ ಅದನ್ನು ಅಪ್ಪನ ಮುಂದಿಟ್ಟು, ಹೆಸರು ಕೊರೆಯುವ ಅವನ ಸೂಜಿಯನ್ನೂ ತಂದಿಟ್ಟಳು.

"ಕೊರಿ."

ಅಪ್ಪ ಕನ್ನಡಕ ಏರಿಸಿ, ಅಭ್ಯಾಸದಂತೆ ಅಳತೆಪಟ್ಟಿ ಇಟ್ಟು ಮೊದಲ ಗೀರು ಎಳೆದ.

"ಅಷ್ಟು ನೇರ ಬೇಡ," ಎಂದಳು ಅತ್ತೆ. ಅವನು ಪಟ್ಟಿ ಪಕ್ಕಕ್ಕಿಟ್ಟು ಉಳಿದವನ್ನು ಬರಿಗೈಯಲ್ಲೇ ಎಳೆದ.

ಆ ಪೀಠದ ಮೇಲೆ ದೊಡ್ಡದೊಂದು ಕಪ್ಪು ಕೂತು ಕ್ಲಬ್ಬಿಗೆ ಹೋಯಿತು. ಅಧ್ಯಕ್ಷರಿಗೆ ಅದೂ ಬೀರುವಿಗೆ ಹೇಳಿ ಮಾಡಿಸಿದ ಹಾಗೇ ಕಂಡಿತಂತೆ. ಲ್ಯಾಕರಿನ ಡಬ್ಬ ಅಂದಿನಿಂದ ಹಿಂದಿನ ಕೋಣೆಯ ಕಪಾಟಿನಲ್ಲಿದೆ, ಬೀಗದ ಕೈ ಅತ್ತೆಯ ಜೇಬಿನಲ್ಲಿದೆ. ಬೇಕೆಂದಾಗಲೆಲ್ಲ ಅಪ್ಪ ಹೋಗಿ ಕೇಳಬೇಕು. ಯಾವುದಕ್ಕೆ ಎಂದು ಅವಳು ಗಾಲಿ ನಿಲ್ಲಿಸದೆ ಕೇಳುತ್ತಾಳೆ. ಓಡುವಂಥದ್ದಕ್ಕಲ್ಲ ಎಂದು ಅವನು ಪ್ರತಿ ಸಲವೂ ಕೂಗಿ ಹೇಳಬೇಕು.