ಬಿಲ್ವದ ಎಲೆಯ ಮೇಲಿನ ಹಿಕ್ಕೆ

ಇದನ್ನು ಬರೆಯಬೇಕೆಂದು ಎರಡು ಶ್ರಾವಣದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಪ್ರತಿ ಸಲವೂ ಏನಾದರೊಂದು ನೆಪ ಸಿಗುತ್ತಿತ್ತು. ಸೋಯಾಬೀನ್ ರಾಶಿ, ನಿಲಂಗಾ ಕೋರ್ಟಿನ ತಾರೀಖು, ಮೊಣಕಾಲು ನೋವು. ನಿಜವಾಗಿ ಇದ್ದದ್ದು ನಾಚಿಕೆ. ಒಂದು ಹುಳದ ವಿಷಯದಲ್ಲಿ ಇಬ್ಬರಿಗೆ ಅನ್ಯಾಯ ಮಾಡಿದೆ. ಒಬ್ಬರ ಮುಂದೆ ಕೈ ಮುಗಿದು ಬಂದೆ. ಇನ್ನೊಬ್ಬರ ಮುಂದೆ ಇವತ್ತಿನವರೆಗೂ ಬಾಯಿ ತೆರೆದಿಲ್ಲ.

ನಮ್ಮ ಹೊಲ ಔರಾದ ಶಹಾಜನಿ ರಸ್ತೆಗೆ ಹತ್ತಿಕೊಂಡಿದೆ. ಅಲ್ಲಿ ಬಾವಿಯ ಪಕ್ಕ ಬಿಲ್ವದ ಸಸಿ ಹಚ್ಚಿದ್ದೆ. ಶ್ರಾವಣ ಸೋಮವಾರ ಲಿಂಗಕ್ಕೆ ಏರಿಸುವ ಪತ್ರಿಯ ಮೂರು ಎಲೆಯೂ ಇಡಿಯಾಗಿರಬೇಕು, ತೂತು ಬಿದ್ದದ್ದು ನಡೆಯುವುದಿಲ್ಲ. ನಮ್ಮದೇ ಗಿಡದ ಪತ್ರಿ ಏರಿಸಬೇಕೆಂಬ ಆಸೆ. ಸಸಿ ಎದೆಮಟ್ಟ ಬೆಳೆದು ಚಿಗುರಿದ ವರ್ಷ, ಹಿಂಗಾರಿ ಜೋಳಕ್ಕೆಂದು ಖಾಲಿ ಬಿಟ್ಟ ಆ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಎಂದಿನಂತೆ ಕುರುಬ ಬಂದಿದ್ದ. ನನ್ನದೇ ವಾರಿಗೆಯವನು, ಬೀರಪ್ಪನ ಭಕ್ತ. ಕುರಿಗಳ ಜೊತೆ ಹತ್ತು ಆಡೂ ಇದ್ದವು. ಎಂಟು ದಿನದಲ್ಲಿ ನನ್ನ ಸಸಿ ಬೋಳಾಯಿತು.

"ನಿನ್ನ ಆಡ ತಿಂದಾವ," ಅಂದೆ.

"ಅಣ್ಣಾ, ಆಡ ತಿಂದ್ರ ಟೊಂಗಿ ಮುರೀತದ, ತೊಗಟಿ ಸುಲೀತದ. ಇಲ್ಲಿ ನೋಡು, ಎಲಿ ನಡುವಿನ ನರ ಹಂಗೇ ಉಳದದ."

ನಾನು ನೋಡಲಿಲ್ಲ. ದನಿ ಕೇಳಿ ಅಕ್ಕಪಕ್ಕದ ಹೊಲದಿಂದ ನಾಲ್ಕು ಜನ ಬಂದಿದ್ದರು. ಬುತ್ತಿ ತಂದಿದ್ದ ನನ್ನ ಹೆಂಡತಿ ಸಸಿಯ ಹತ್ತಿರ ಹೋಗಿ, ಎರಡು ಎಲೆ ಕಿತ್ತು ಊಟದ ತಾಟಿನಲ್ಲಿ ಇಟ್ಟುಕೊಂಡು ಬಂದಳು. ಓಡುತ್ತಲೇ ಬಂದಳು.

"ಆಡ ಅಲ್ರೀ, ಇವು ತಿಂದಾವ. ನೋಡ್ರಿ, ಬಾಯಿ ಹೆಂಗ ಆಡಸ್ಲಕತ್ತಾವ."

ನನಗೆ ಕಂಡದ್ದು ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆ. ಕಪ್ಪು, ನಡುವೆ ಬಿಳಿ, ಹಸಿಹಸಿ ಹೊಳಪು.

"ಉಣ್ಣೂ ತಾಟಿನ್ಯಾಗ ಹಿಕ್ಕಿ ತಂದು ತೋರಸ್ತಾಳ ನೋಡ್ರಪ್ಪಾ. ನಡಿ, ಒಲಿ ಮುಂದ ಕೂಡು ನಡಿ."

ಜನ ನಕ್ಕರು. ನಾನು ತಾಟು ಕೊಡವಿ ಎಲೆಗಳನ್ನು ಚಪ್ಪಲಿಯಿಂದ ಮೆಟ್ಟಿದೆ. ಸಂಜೆಯೊಳಗೆ ಕುರುಬ ಮಂದೆ ಹೊಡೆದುಕೊಂಡು ಹೋದ. ನಾನು ಊರಲ್ಲಿ ಹೇಳುತ್ತ ಹೋದದ್ದರಿಂದ ಮತ್ತೆ ಯಾರೂ ಅವನನ್ನು ಹೊಲಕ್ಕೆ ಕರೆಯಲಿಲ್ಲ. ನಮ್ಮ ಓಣಿಯ ಹೆಂಗಸರು ಬಹಳ ದಿನ ಹೆಂಡತಿಯನ್ನು ಕಾಡಿದರು: "ಏನ್ರೀ ವೈನಿ, ಇವತ್ತ ತಾಟಿನ್ಯಾಗ ಏನ್ ಅದ?" ಆಕೆ ಆಮೇಲೆ ನನ್ನನ್ನು ಯಾವುದಕ್ಕೂ "ನೋಡ್ರಿ ಬರ್ರಿ" ಅಂತ ಕರೆಯಲಿಲ್ಲ. ಹದಿನೈದು ವರ್ಷ.

ಹೊಲದ ಸಸಿ ಮತ್ತೆ ಚಿಗುರಿ ಮರವಾಯಿತು. ಅದರ ಬೀಜದ ಒಂದು ಸಸಿ ನಮ್ಮ ಅಂಗಳದಲ್ಲಿ, ಹಳೆಯ ನೀರಿನ ಡ್ರಮ್ಮಿನಲ್ಲಿದೆ. ಹೋದ ವರ್ಷದ ಹಿಂದಿನ ಶ್ರಾವಣದಲ್ಲಿ ಅದರ ಎಲೆಗಳೂ ಖಾಲಿಯಾಗತೊಡಗಿದವು. ನಡುವಿನ ನರ ಹಾಗೇ ಉಳಿದಿತ್ತು. ಸುತ್ತ ಆಳೆತ್ತರದ ಗೋಡೆ, ಗೇಟಿಗೆ ಕೊಂಡಿ. ಆಡಿನ ಮಾತೇ ಇಲ್ಲ. ಓದುವ ಚಾಳೀಸು ಹಾಕಿಕೊಂಡು ಬಗ್ಗಿದೆ. ಎಲೆಯ ಮೇಲೆ ಹಿಕ್ಕೆ ಬಿದ್ದಿತ್ತು. ನೋಡುತ್ತಿದ್ದಂತೆ ಹಿಕ್ಕೆ ತಲೆ ಎತ್ತಿತು.

ನನ್ನ ಮೊಣಕಾಲು ನೋವು ಆ ಕ್ಷಣ ಎಲ್ಲಿ ಹೋಯಿತೋ. ನಿಲಂಗಾದ ಮರಾಠಿ ಶಾಲೆಯಲ್ಲಿ ಪಾತರಗಿತ್ತಿಯ ನಾಲ್ಕು ಅವಸ್ಥೆಯ ಚಿತ್ರ ಬರೆದು ಪೂರ್ತಿ ಮಾರ್ಕು ತೆಗೆದವನು ನಾನು. ತತ್ತಿ, ಹುಳ, ಕೋಶ, ಪಾತರಗಿತ್ತಿ, ನಡುವೆ ಬಾಣದ ಗುರುತು. ಒಂದನ್ನೂ ಕಣ್ಣಿಂದ ನೋಡಿರಲಿಲ್ಲ. ಈಗ ಮುಂಜಾನೆ ಹಲ್ಲುಜ್ಜುವ ಮೊದಲೇ ಡ್ರಮ್ಮಿನ ಹತ್ತಿರ. ಕಪ್ಪು ರೆಕ್ಕೆಯ ಮೇಲೆ ಹಳದಿ ಚುಕ್ಕೆಯ ತಾಯಿ ಪಾತರಗಿತ್ತಿ ಬರುತ್ತಿತ್ತು. ಒಂದೊಂದು ಎಲೆಯನ್ನೂ ಮುಂಗಾಲಿನಿಂದ ತಟ್ಟಿ ನೋಡುತ್ತಿತ್ತು. ಅದು ಕಾಲಿನಿಂದಲೇ ಎಲೆಯ ರುಚಿ ನೋಡುತ್ತದೆ ಎಂದು ಆಮೇಲೆ ತಿಳಿಯಿತು. ನಿಂಬೆ, ಕರಿಬೇವು, ಬಿಲ್ವ, ಇಂಥವೇ ಬೇಕು ಅದಕ್ಕೆ. ಪಕ್ಕದ ದಾಸವಾಳದ ಮೇಲೆ ಒಂದು ತತ್ತಿಯನ್ನೂ ಇಡಲಿಲ್ಲ. ಬಿಲ್ವದ ಚಿಗುರಿನ ಮೇಲೆ ಮಾತ್ರ, ಒಂದು ಕಡೆ ಒಂದೇ, ಸಾಸಿವೆ ಕಾಳಿಗಿಂತ ಸಣ್ಣ ತೆಳು ಹಳದಿ ಮುತ್ತು.

ನಾಲ್ಕನೇ ದಿನ ಹುಳ ಹೊರಬಂದು ಮೊದಲು ತಿಂದದ್ದು ತನ್ನ ತತ್ತಿಯ ಸಿಪ್ಪೆಯನ್ನೇ. ಆಮೇಲೆ ತಿನ್ನುವುದೇ ಕೆಲಸ. ಚರ್ಮ ಬಿಗಿಯಾದರೆ ಕಳಚುತ್ತಿತ್ತು, ಕಳಚಿದ್ದನ್ನೂ ತಿನ್ನುತ್ತಿತ್ತು. ಸಣ್ಣದಿರುವಾಗ ಹಿಕ್ಕೆಯ ವೇಷ, ಹಕ್ಕಿ ತನ್ನದೇ ಹೊಲಸು ಎಂದು ಬಿಟ್ಟು ಹೋಗಲಿ ಅಂತ. ಅಂದರೆ ಹಕ್ಕಿಗೆಂದು ಹೂಡಿದ ಮೋಸಕ್ಕೆ ಹದಿನೈದು ವರ್ಷದ ಹಿಂದೆ ನಾನು ಬಿದ್ದಿದ್ದೆ. ನಾಲ್ಕನೇ ಸಲ ಚರ್ಮ ಬಿಟ್ಟಾಗ ಅದು ಹಚ್ಚಹಸಿರಾಗಿತ್ತು. ಕಡ್ಡಿಯಿಂದ ಮುಟ್ಟಿದೆ. ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಸರಕ್ಕನೆ ಹೊರಬಂತು.

ಒಳಗೆ ಓಡಿದೆ. ಹೆಂಡತಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಅದಕ್ಕ ಕೊಂಬ ಅದ," ಅಂದೆ.

"ಹುಳಿ ಹುಳಿ ವಾಸನಿ ಬರ್ತದ ಅದು," ಅಂದಳು ತಲೆ ಎತ್ತದೆ. "ಸೀರಿಗೆ ಹತ್ತಿದ್ರ ಲಗು ಹೋಗೂದಿಲ್ಲ."

ಆಕೆಗೆ ಹೇಗೆ ಗೊತ್ತು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಹೇಳುವ ಹುರುಪೇ ಅಷ್ಟಿತ್ತು.

ಹುಳ ತಿನ್ನುವುದು ಬಿಟ್ಟಿತು. ಡ್ರಮ್ಮಿನ ಅಂಚೆಲ್ಲ ಅಲೆದು ಒಂದು ಕಡ್ಡಿ ಹಿಡಿಯಿತು. ಬಾಲವನ್ನು ಎಳೆಯಿಂದ ಅಂಟಿಸಿ, ಬೆನ್ನ ಸುತ್ತ ಒಂದು ನೂಲು ಬಿಗಿದು, ಕಂಬ ಹತ್ತಿದ ಲೈನ್‌ಮನ್ ಪಟ್ಟಿಗೆ ಮೈ ಬಿಟ್ಟು ವಾಲಿದಂತೆ ಹಿಂದಕ್ಕೆ ವಾಲಿತು. ಮರುದಿನ ಚರ್ಮ ಸರಿದು ಕೋಶ ಉಳಿಯಿತು. ಕಾಲಿಲ್ಲ, ಬಾಯಿಲ್ಲ. ಒಳಗೆ ಹುಳದ ಮೈ ಬಹಳಷ್ಟು ಕರಗಿ ಬೇರೆಯದೇ ಮೈ ಕಟ್ಟಿಕೊಳ್ಳುತ್ತದಂತೆ.

ಅದು ಸುಮ್ಮನೆ ತೂಗುತ್ತಿದ್ದ ದಿನಗಳಲ್ಲಿ ನನಗೆ ಸುಮ್ಮನಿರಲು ಆಗಲಿಲ್ಲ. ಕುರುಬ ಯೆಣೆಗೂರ ಕಡೆ ಇದ್ದಾನೆಂದು ಕೇಳಿ ಎಸ್‌ಟಿ ಬಸ್ಸು ಹತ್ತಿದೆ. ಹೆದ್ದಾರಿಯ ಡಾಬಾದ ಹಿಂದಿನ ಹೊಲದಲ್ಲಿ ಸಿಕ್ಕ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಕೈ ಮುಗಿದು, "ಹುಳಾ ತಿಂದಿತ್ತು. ನಿನ್ನ ಆಡಲ್ಲ," ಅಂದೆ.

"ಆ ಆಡಗೋಳು ಸತ್ತು ಅವುಗಳ ಮೊಮ್ಮಕ್ಕಳೂ ಸತ್ತಾವ. ಈಗ ಬಂದೀ ಸಾಕ್ಷಿ ಹೇಳ್ಲಿಕ್ಕ?" ಎಂದು ನಕ್ಕ. ಚಹಾ ತರಿಸಿದ. ಅರ್ಧ ಕುಡಿದ ಮೇಲೆ ಅಂದ, "ಅವತ್ತ ನಾವು ಹೊಂಟಾಗ ವೈನಿ ರೊಟ್ಟಿ ಕಟಗೊಂಡು ರಸ್ತಾದ ತನಾ ಬಂದಿದ್ರು. ಸೆರಗಿನ್ಯಾಗ ಎಲಿ ಸಮೇತ ಒಂದ್ ಹುಳಾ ಇತ್ತು. ಇದೊಂದು ಉಳಿಸೀನಿ, ಸಾಕಿ ಏನಾಗ್ತದ ನೋಡ್ತೀನಿ ಅಂದ್ರು. ನಿನಗ ತೋರಸ್ಲಿಲ್ಲೇನು?"

ಚಹಾದ ಕಪ್ಪು ಕೆಳಗಿಟ್ಟೆ.

"ನನಗ ಕೈ ಮುಗಿಲಾಕ ಇಷ್ಟ ದೂರ ಬಂದಿ," ಅಂದ ಅವನು. "ಕೈ ಮುಗಿಯೂ ಜಾಗಾ ಮನ್ಯಾಗೇ ಇತ್ತಲ್ಲಣ್ಣಾ."

ಮರಳಿ ಬರುವಾಗ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ಮನೆಗೆ ಬಂದಾಗ ಕೋಶ ಕಪ್ಪಾಗಿರುವುದನ್ನು ಮಾತ್ರ ಹೇಳಿದೆ. "ನಾಳಿ ಒಡೀತದ," ಅಂದಳು.

ಮುಂಜಾನೆ ಅಂಗಳದಿಂದ ಆಕೆಯ ದನಿ: "ಲಗು ಬರ್ರಿ. ನೋಡ್ರಿ, ಒಡಿಲಕತ್ತದ."

ಬರಿಗಾಲಲ್ಲಿ ಹೋದೆ. ಕೋಶ ಸೀಳಿ, ತೊಯ್ದ ಕಾಗದದಂತೆ ಮುದುರಿದ ಜೀವ ಹೊರಬಂದು ಕಡ್ಡಿಗೆ ಜೋತುಬಿತ್ತು. ರೆಕ್ಕೆಗಳ ನರಗಳಲ್ಲಿ ರಸ ಇಳಿದಂತೆ ಅವು ನಮ್ಮ ಕಣ್ಣೆದುರೇ ಬಿಚ್ಚಿಕೊಂಡವು. ಎರಡು ಸೀಳಾಗಿದ್ದ ನಾಲಿಗೆಯನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಒಂದೇ ಕೊಳವೆ ಮಾಡಿಕೊಂಡಿತು. ನಾವಿಬ್ಬರೂ ಡ್ರಮ್ಮಿನ ಮೇಲೆ ತಲೆಗೆ ತಲೆ ತಾಗುವಷ್ಟು ಬಗ್ಗಿದ್ದೆವು. ಆಕೆಯ ಮುಖ ಆ ದಿನ ತಾಟು ಹಿಡಿದು ಓಡಿಬಂದಾಗ ಹೇಗಿತ್ತೋ ಹಾಗೇ ಇತ್ತು. ಆಗ ಅದು ಕಣ್ಣಿಗೆ ಬಿದ್ದಿದ್ದರೂ ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂತು. ಪಾತರಗಿತ್ತಿ ಎದ್ದು ಗೋಡೆ ದಾಟಿತು. "ಚಾ ಇಡ್ತೀನಿ," ಎಂದು ಆಕೆ ಒಳಗೆ ಹೋದಳು.

ಅಂದಿನಿಂದ ಶ್ರಾವಣ ಬಂದರೆ ಕರೆಯುತ್ತಾಳೆ, ಓಡುತ್ತೇನೆ. ಹುಳದ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತೇವೆ, ಆ ತಾಟಿನ ಬಗ್ಗೆ ಇಲ್ಲ. ನನಗೆ ಮರಾಠಿಯಲ್ಲಿ ಬರೆಯುವುದು ಸಲೀಸು. ಆದರೆ ಬೀದರ ಕಡೆಯಿಂದ ಬಂದ ಆಕೆ ಓದುವುದು ಕನ್ನಡವನ್ನೇ, ನನಗೂ ಈ ಅಕ್ಷರ ತಿದ್ದಿಸಿದವಳು ಆಕೆಯೇ. ಬಾಯಿಂದ ಆಗದ್ದು ಕಾಗದದಲ್ಲಾದರೂ ಆಗಲಿ ಎಂದು ಕನ್ನಡದಲ್ಲೇ ಬರೆದೆ. ನಾನು ಇನ್ನೂ ಕ್ಷಮೆ ಕೇಳದೆ ಇರುವುದು ನನ್ನ ಹೆಂಡತಿಯನ್ನು.