ಹಿತ್ತಲೂ ಕಾಣುವ ಪರದೆ

ರೊಟ್ಟಿ ಮುರಿಯುವಾಗಲೂ ಅವರ ಉಗುರಿನಡಿಯ ನೀಲಿ ಬಣ್ಣ ಕಾಣುತ್ತಿತ್ತು. ನಾಟಕ ಕಂಪನಿಗೆ ಪರದೆ ಬರೆಯುತ್ತಿದ್ದ ನಮ್ಮ ನೆರೆಮನೆಯ ಕಾಕಾರ ಬಗ್ಗೆ ಹಾನಗಲ್ಲಿನಲ್ಲಿ ಇಂದಿಗೂ ಒಂದೇ ಮಾತು: ಹೆಂಡತಿ ಸತ್ತಳು, ತಲೆ ಕೆಟ್ಟಿತು, ಆ ಸೊಟ್ಟ ಪರದೆ ಬರೆದ. ನಾನು ಒಪ್ಪುವುದಿಲ್ಲ. ತಲೆ ಕೆಟ್ಟವನು ದಾರ ಹಿಡಿದು ಗೆರೆ ಹೊಡೆಯುತ್ತಾನೆಯೇ? ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ಅಳಿಸಿ ಮತ್ತೆ ಬರೆಯುತ್ತಾನೆಯೇ? ನಾನು ಅವರ ಪಡಸಾಲೆಯಲ್ಲಿ ಕುಳಿತು ನೋಡಿದವನು.

ಹೆಂಡತಿ ತೀರಿಕೊಂಡಾಗ ಕಾಕಾ ಮುಂಬೈಯಲ್ಲಿದ್ದರು, ಅದು ನಿಜ. ಅಲ್ಲಿಂದ ಅವರು ತಂದದ್ದು ರಟ್ಟು ಹೋದ ಒಂದು ವಿಲಾಯತಿ ಪುಸ್ತಕ. ಅದರ ತುಂಬ ಮುರಿದು ಜೋಡಿಸಿದಂಥ ಮುಖಗಳು, ಎದುರಿನಿಂದಲೂ ಪಕ್ಕದಿಂದಲೂ ಒಂದೇ ಸಲ ಕಾಣುವ ಹೂಜಿಗಳು. ಇದಕ್ಕೆ ಕ್ಯೂಬಿಸಂ ಎನ್ನುತ್ತಾರೆ, ಯುರೋಪಿನಲ್ಲಿ ಇದರಿಂದ ದೊಡ್ಡ ಗದ್ದಲವೇ ಆಗಿತ್ತು ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಕಾಕಾಗೆ ಆ ಪುಸ್ತಕದ ಭಾಷೆ ಬರುತ್ತಿರಲಿಲ್ಲ; ಚಿತ್ರ ಸಾಕಿತ್ತು.

ಮಳೆಗಾಲದಲ್ಲಿ ಕಂಪನಿ ಮುಚ್ಚಿದಾಗ ಅವರು ಬೀದಿ ದೃಶ್ಯದ ಪರದೆ ಬರೆದರು. ಮನೆಗಳ ಮುಂಬಾಗಿಲು, ಪಕ್ಕದ ಗೋಡೆ, ಹಿತ್ತಲು, ಎಲ್ಲ ಒಮ್ಮೆಗೇ ಕಾಣುತ್ತಿದ್ದವು. ಒಂದು ಹಿತ್ತಲಿನ ಬಾವಿಕಟ್ಟೆಯ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು.

ಶಾಲೆಯ ಚರ್ಚಾಕೂಟದಲ್ಲಿ ಗೆದ್ದ ಹುರುಪು ನನಗೆ. "ಕಾಕಾ, ಬೀದ್ಯಾಗ ನಿಂತ್ರ ಹಿತ್ತಲಾ ಹೆಂಗ ಕಾಣತೈತಿ? ಇದು ಸುಳ್ಳು ಚಿತ್ರ."

"ಖರೇ ಐತಿ, ವಕೀಲಸಾಹೇಬ. ಬೀದ್ಯಾಗ ನಿಂತಾಂವಗ ಮುಂಬಾಗಲಾ ಅಷ್ಟ ಕಾಣತೈತಿ. ಹಿತ್ತಲದಾಗ ಕುಂತು ಅಳಾಕಿ ಯಾರಿಗೆ ಕಾಣಬೇಕಪಾ?"

ಆ ಸಲ ಕಂಪನಿಯ ಮೊದಲ ಮೊಕ್ಕಾಮು ಹಾನಗಲ್ಲಿನಲ್ಲೇ. ಮಧ್ಯಾಹ್ನ ಪರದೆ ಕಟ್ಟಿದರು. ಸೊಟ್ಟ ಕಾಣುತ್ತದೆಂದು ಹಗ್ಗದವರು ಒಮ್ಮೆ ಎಡಕ್ಕೆ ಜಗ್ಗಿದರು, ಒಮ್ಮೆ ಬಲಕ್ಕೆ. "ಪರದಿ ನೆಟ್ಟಗ ಐತ್ರಿ, ಮನಿಗೋಳ ಕುಡದಾವು!" ಎಂದು ಅವರಲ್ಲೊಬ್ಬ ಕೂಗಿದ. ಎಲ್ಲರೂ ನಕ್ಕರು, ಕಾಕಾ ಕೂಡ. ಕಂಪನಿಯ ಮಾಲೀಕರು ನಗಲಿಲ್ಲ.

"ಸುತ್ತಿಡ್ರಿ ಇದನ್ನ. ಮಂದಿ ಕಲ್ಲ ಒಗೀತಾರ."

ಶಿಗ್ಗಾಂವಿಯಲ್ಲೂ ಅದು ಸುತ್ತಿಯೇ ಇತ್ತು, ಸವಣೂರಿನಲ್ಲೂ. "ಇವತ್ತರ ಇಳಸ್ತೀರೇನ್ರಿ?" ಎಂದು ಕಾಕಾ ಪ್ರತಿ ಊರಿನಲ್ಲಿ ಕೇಳುತ್ತಿದ್ದರಂತೆ. ಜನ ಒಮ್ಮೆ ನೋಡಲಿ ಎಂಬುದನ್ನು ಬಿಟ್ಟರೆ ಅವರಿಗೆ ಬೇರೆ ಆಸೆಯಿರಲಿಲ್ಲ. ಊರಿಗೆ ಬಂದಾಗ ದೀಪ ಹಚ್ಚದೆ ಪಡಸಾಲೆಯಲ್ಲಿ ಒಬ್ಬರೇ ಕೂರುತ್ತಿದ್ದರು. ಹಿರೇಕೆರೂರಿನ ಮೊಕ್ಕಾಮಿನಲ್ಲಿ ಜ್ವರ ಬಂದು ತೀರಿಕೊಂಡರು. ಸುತ್ತಿಟ್ಟ ಆ ಪರದೆಗೆ ಒರಗಿ ಮಲಗಿದ್ದರಂತೆ. ಹೋದದ್ದು ಬೆಳಗಾಗುವವರೆಗೆ ಯಾರಿಗೂ ತಿಳಿಯಲಿಲ್ಲ.

ಮುಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆ ಸಿಗದಾಯಿತು. ಕಂಪನಿಯ ಹಳೆಯ ಬೀದಿ ಪರದೆ ಹರಿದಿತ್ತು. ಸವಣೂರಿನಲ್ಲಿ, ನಾಯಕನಿಗೆ ಹುಚ್ಚು ಹಿಡಿಯುವ ದೃಶ್ಯಕ್ಕೆ, ಮಾಲೀಕರು ಕಾಕಾರ ಪರದೆ ಇಳಿಸಿದರು. ಆ ದಿನ ನಾನೂ ಡೇರೆಯಲ್ಲಿದ್ದೆ. ನನ್ನ ಮುಂದೆ ಕುಳಿತಿದ್ದ ಹತ್ತಿಮತ್ತೂರಿನ ಮುದುಕಿ ಮೊಮ್ಮಗಳಿಗೆ ಹೇಳಿದಳು: "ಅಲ್ಲಿ ನೋಡವಾ, ಹಿತ್ತಲದಾಗ ಒಬ್ಬಾಕಿನ ಕುಂತಾಳ. ಯಾರೂ ಮಾತಾಡಸವಲ್ರು." ಆಮೇಲೆ ಚಪ್ಪಾಳೆ ಬಿತ್ತು.

ಈಗ ಈ ಸೀಮೆಯ ಯಾವ ಕಂಪನಿಯಲ್ಲಿ ನೋಡಿದರೂ ಅಂಥದ್ದೊಂದು ಪರದೆಯಿದೆ. ಹುಚ್ಚಿನ ಪರದೆ ಎನ್ನುತ್ತಾರೆ. ಪರದೆಗೆ ಆ ಹೆಸರು ಬಂದ ಮೇಲೆ ಅದನ್ನು ಮೊದಲು ಬರೆದ ಕಾಕಾ ಕೂಡ ಜನರ ಬಾಯಲ್ಲಿ ಹುಚ್ಚರಾದರು, ಅಷ್ಟೆ.

ಸವಣೂರಿನ ಆ ನಾಟಕ ಮುಗಿದೊಡನೆ ನಾನು ಒಳಗೆ ಹೋದೆ. ಮಾಲೀಕರು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದರು.

"ಮಂದಿ ಕಲ್ಲ ಒಗೀಲಿಲ್ಲಲ್ರಿ, ಮಾಲಕರ. ಕಾಕಾ ಇದ್ದಾಗ ಒಂದ ಸಲ ಯಾಕ ಇಳಸಲಿಲ್ರಿ?"