ತಿರುಗದ ಗುಂಡಿ

ಗಡಹಿಂಗ್ಲಜದಲ್ಲಿ ನಾನು ನಡೆಸುವ ಚಿತ್ರಕಲಾ ತರಗತಿಯಲ್ಲಿ ವರ್ಷಕ್ಕೊಮ್ಮೆ ಹಳೆಯ ಫಿಲ್ಮ್ ಕ್ಯಾಮೆರಾ ಹೊರಗೆ ತೆಗೆಯುತ್ತೇನೆ. ಮೊಬೈಲಿನಲ್ಲೇ ಬೆಳೆದ ಮಕ್ಕಳಿಗೆ ಅದೊಂದು ತಮಾಷೆ. "ಬಲಗಡೆ ಸುತ್ತಿದಾಗ ಎಡಗಡೆ ಗುಂಡಿ ತಾನ ತಿರಗಬೇಕು. ತಿರಗಲಿಲ್ಲಂದ್ರ ಒಳಗ ಫಿಲ್ಮ್ ಓಡವಲ್ದು ಅಂತ ತಿಳೀರಿ" ಎನ್ನುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಅದು ನನ್ನಪ್ಪ ಹೇಳಿದ ಮಾತು. ಅದಕ್ಕೆ ಪ್ರತಿಯಾಗಿ ನಾನು ಅವನಿಗೆ ಕೊಟ್ಟದ್ದು ಬೈಗುಳ.

ಅಪ್ಪ ಇಚಲಕರಂಜಿಯ ಶಹಾಪುರದಲ್ಲಿ ಪವರ್‌ಲೂಮ್ ನೇಕಾರ. ನಾನು ಕೊಲ್ಹಾಪುರದಲ್ಲಿ ಕಲೆ ಓದುತ್ತಿದ್ದ ಮೊದಲ ವರ್ಷ, ಮಾಸ್ತರರು ಒಬ್ಬೊಬ್ಬರಿಗೂ ಒಂದು ಫಿಲ್ಮ್ ಸುರುಳಿ ಕೊಟ್ಟರು. ಡಿಜಿಟಲ್‌ನಲ್ಲಿ ನೂರು ಹೊಡೆದು ತೊಂಬತ್ತೊಂಬತ್ತು ಅಳಿಸುತ್ತೀರಿ, ಇದರಲ್ಲಿ ಇರುವುದೇ ಮೂವತ್ತಾರು, ಕಣ್ಣಿಟ್ಟು ನೋಡಿ ಆಮೇಲೆ ಒತ್ತಿರಿ ಎಂದರು. ಕಾಲೇಜಿನ ಕ್ಯಾಮೆರಾ ಕೊರಳಿಗೆ ಬಿದ್ದದ್ದೇ ತಡ, ನನಗೆ ಕೊಂಬು ಬಂದಿತ್ತು.

ಅಪ್ಪನ ಕಾರ್ಖಾನೆಗೇ ಹೋದೆ. ಮಗ ಫೋಟೋ ತೆಗೆಯಲು ಬರುತ್ತಾನೆಂದು ಎಲ್ಲರಿಗೂ ಹೇಳಿ, ಅವನು ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಗ್ಗದ ಮುಂದೆ ನಿಂತಿದ್ದ. ಇಪ್ಪತ್ತು ಸಲ ಒತ್ತಿರಬೇಕು, ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತವು. ಅಪ್ಪ ನನ್ನ ಕೈಯನ್ನೇ ನೋಡುತ್ತಿದ್ದ.

"ತಮ್ಮಾ, ಈ ಕಡೆ ಸುತ್ತಾಕತ್ತಿ, ಆ ಕಡೆ ಗುಂಡಿ ತಿರಗವಲ್ದಲ್ಲ. ಮಗ್ಗದಾಗ ಮುಂದ ಅರಿವಿ ಸುತ್ತಿದಂಗ ಹಿಂದ ನೂಲಿನ ಬೀಮ್ ಬಿಚ್ಚಕೋತ ಬರತದ. ಒಳಗ ಏನೋ ತಪ್ಪೇದ ನೋಡು."

"ಇದು ಮಗ್ಗ ಅಲ್ಲಪಾ" ಎಂದು ಕ್ಯಾಮೆರಾ ಸ್ಟೂಲಿನ ಮೇಲಿಟ್ಟು ನೀರು ಕುಡಿಯಲು ತಿರುಗಿದೆ.

ಕೆಟ್ಟದ್ದನ್ನು ಬಿಚ್ಚಿ ನೋಡದೆ ಸುಮ್ಮನಿರುವ ನೇಕಾರನನ್ನು ನಾನು ಕಂಡಿಲ್ಲ. ಅಪ್ಪ ಆ ಗುಂಡಿ ಹಿಡಿದು ಮೇಲೆತ್ತಿದ. ಕ್ಯಾಮೆರಾದ ಹಿಂದಿನ ಬಾಗಿಲು ಟಪ್ಪನೆ ತೆರೆಯಿತು. ನಾನು ಕಸಿದುಕೊಂಡು, ಒಳಗೆ ಕಣ್ಣೂ ಹಾಯಿಸದೆ ಮುಚ್ಚಿದೆ.

"ಬೆಳಕ ಬಿದ್ದು ಎಲ್ಲಾ ಹಾಳಾತು! ತಿಳೀಲಾರದ್ದಕ್ಕ ಯಾಕ ಕೈ ಹಾಕ್ತಿ? ಹೆಬ್ಬೆಟ್ಟು ಎಲ್ಲಿದ್ರೂ ಹೆಬ್ಬೆಟ್ಟು!"

ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು ನನ್ನದು. ನಿಂತ ಮಗ್ಗಗಳ ನಡುವೆ ಅದು ಎಲ್ಲರಿಗೂ ಕೇಳಿಸಿತು. ಅಪ್ಪ ಏನೋ ಹೇಳಲು ಬಾಯಿ ತೆರೆದವನು, "ತಪ್ಪಾತಪಾ" ಎಂದಷ್ಟೇ ಹೇಳಿದ. ಅಂದಿನಿಂದ ನಾನು ಕ್ಯಾಮೆರಾ ಎತ್ತಿದರೆ ಸಾಕು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾನೆ.

ಕೊಲ್ಹಾಪುರಕ್ಕೆ ಮರಳಿ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದೆ. ನೆಗೆಟಿವ್‌ನಲ್ಲಿ ಬೆಳಕು ಬಿದ್ದ ಜಾಗ ಕಪ್ಪಾಗುತ್ತದೆ. ಅಪ್ಪ ಕೆಡಿಸಿದ್ದರೆ ನಾನು ತೆಗೆದದ್ದೆಲ್ಲ ಕಪ್ಪಾಗಿರಬೇಕಿತ್ತು. ಆದರೆ ತುದಿಯ ಒಂದು ಗೇಣು ಮಾತ್ರ ಕಪ್ಪು, ಉಳಿದದ್ದೆಲ್ಲ ಬರಿದು. ಫಿಲ್ಮಿನ ತುದಿಯನ್ನು ನಾನೇ ಸರಿಯಾಗಿ ಸಿಕ್ಕಿಸಿರಲಿಲ್ಲ; ಉಳಿದ ಫಿಲ್ಮ್ ತನ್ನ ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. ಒಂದೇ ಒಂದು ಚಿತ್ರವೂ ಬಿದ್ದಿರಲಿಲ್ಲ. ಡಿಜಿಟಲ್ ಆಗಿದ್ದರೆ ಅಲ್ಲೇ ಗೊತ್ತಾಗಿ ನನ್ನ ಬಾಯಿ ಮುಚ್ಚುತ್ತಿತ್ತು.

ಗೊತ್ತಾದ ಮೇಲಾದರೂ ಮುಚ್ಚಿತೇ? ಫಿಲ್ಮನ್ನು ಜೇಬಿಗೆ ತುರುಕಿ, ಅಪ್ಪ ಬಾಗಿಲು ತೆರೆದು ಕೆಡಿಸಿದನೆಂದು ಮಾಸ್ತರರಿಗೆ ಹೇಳಿದೆ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹೆತ್ತಪ್ಪನನ್ನೇ ನೆಲ ಮಾಡಿದ್ದೆ. ಆ ನಗುವನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ.

ಮೊನ್ನೆ ಶಹಾಪುರಕ್ಕೆ ಹೋದಾಗ ಎಲ್ಲವನ್ನೂ ಅಪ್ಪನಿಗೆ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಗೊತ್ತದ. ಬಾಗಿಲಾ ತೆರದಾಗ ನೋಡಿದ್ನಲ್ಲ. ಫಿಲ್ಮ್ ಸುತ್ತಿರಲೇ ಇಲ್ಲ, ಹಂಗ ಬಿದ್ದಿತ್ತು."

"ಮತ್ತ ಅವತ್ತ ಯಾಕ ಹೇಳಲಿಲ್ಲಪಾ?"

"ಎಲ್ಲಾರೂ ನಿಂತಿದ್ರು. ನನ್ನ ಮಗ ಭಾಳ ಕಲತಾನ ಅಂತ ನಾನ ಹೇಳಿದ್ದೆ. ಅವರ ಮುಂದ ನಿನ್ನ ತಪ್ಪು ಹೆಂಗ ತೋರಸಲಿ?"

ಅಪ್ಪನೇ ಅಂಗಿ ಸರಿಮಾಡಿಕೊಂಡು ಗೋಡೆಗೆ ಹೋಗಿ ನಿಂತ. "ಈಗ ಮೊಬೈಲ್‌ದಾಗ ತಗೀ. ಇದರಾಗ ಹಂಗ ಆಗೂದಿಲ್ಲಲ್ಲ?"

ತೆಗೆದೆ. ಚಿತ್ರ ಕೂಡಲೇ ಬಂತು. ಅಪ್ಪನ ಎರಡೂ ಕೈ ಬೆನ್ನ ಹಿಂದೆಯೇ ಇದ್ದವು.